ಮಗುವಿನ ಕೈಗೆ ಬಿಲ್ಲು ಕೊಡುವಾಗ

ಕೇಳುಗರಿಗೆ ನಮಸ್ಕಾರ. ಮಗಳೋ ಮಗನೋ ಒಂದು ದಿನ ಎದುರಿಗೆ ನಿಂತು ಬಿಲ್ಲುಗಾರಿಕೆ ಕಲಿಯುತ್ತೇನೆ ಎಂದರೆ, ಕಣ್ಣಿಗೆ ಪೆಟ್ಟಾದೀತು, ಓದು ಹಿಂದೆ ಬಿದ್ದೀತು, ಖರ್ಚಿಗೆ ಎಲ್ಲಿಂದ ತರುವುದು ಎಂಬ ಚಿಂತೆಗಳು ಹೆತ್ತವರಿಗೆ ಒಟ್ಟಿಗೇ ಬರುತ್ತವೆ. ರಾಂಚಿ ಸಮೀಪದ ರಾತು ಚಟ್ಟಿಯಲ್ಲಿ ಆಟೋ ಓಡಿಸುತ್ತಿದ್ದ ಶಿವನಾರಾಯಣ ಮಹತೋ ಮತ್ತು ನರ್ಸ್ ಕೆಲಸದಲ್ಲಿದ್ದ ಗೀತಾ ಅವರ ಮನೆಯಲ್ಲೂ ಹಣದ ಅಡಚಣೆ ಇದ್ದೇ ಇತ್ತು. ಅವರ ಮಗಳು ದೀಪಿಕಾ ಕುಮಾರಿ ಕಲ್ಲೆಸೆದು ಮಾವಿನಕಾಯಿ ಬೀಳಿಸುತ್ತಿದ್ದ, ಬಿದಿರಿನ ಬಿಲ್ಲಿನಲ್ಲಿ ಕೈ ಪಳಗಿಸಿಕೊಂಡ ಹುಡುಗಿ. 2005ರಲ್ಲಿ ಖರ್ಸಾವಾನ್‌ನ ಅಕಾಡೆಮಿಗೂ, ಮರುವರ್ಷ ಜಮ್‌ಶೆಡ್‌ಪುರದ ಟಾಟಾ ಆರ್ಚರಿ ಅಕಾಡೆಮಿಗೂ ಆಕೆ ಸೇರಿದಳು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಮತ್ತು ತಂಡ ವಿಭಾಗಗಳೆರಡರಲ್ಲೂ ಚಿನ್ನ ಗೆದ್ದಾಗ ಅವಳಿಗೆ ಹದಿನಾರು. ಆ ಪದಕಗಳಿಗಿಂತಲೂ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿರುವುದು, ಹನ್ನೊಂದರ ಮಗಳನ್ನು ಮನೆಯಿಂದ ದೂರ ಕಳುಹಿಸಿದ ತಂದೆತಾಯಿಯ ಎದೆಗಾರಿಕೆ.

ಕಣ್ಣಿನ ಚಿಂತೆಗೆ ಉತ್ತರ ಮೈದಾನದ ಶಿಸ್ತಿನಲ್ಲಿದೆ. ಎರಡು ಸೀಟಿಗೆ ಬಿಲ್ಲುಗಾರರು ಗೆರೆಯ ಬಳಿಗೆ ಬರುತ್ತಾರೆ, ಒಂದು ಸೀಟಿಗೆ ಬಾಣ ಬಿಡುತ್ತಾರೆ, ಮೂರು ಸೀಟಿ ಕೇಳಿದ ಮೇಲೆ ಮಾತ್ರ ಬಾಣ ತರಲು ಮುಂದೆ ಹೋಗುತ್ತಾರೆ. ಯಾರೇ ಗೆರೆ ದಾಟಿ ಮುಂದಿದ್ದರೂ ಹೆದೆಗೆ ಕೈ ಹಚ್ಚುವಂತಿಲ್ಲ. ಈ ಕಟ್ಟುನಿಟ್ಟು ಇಲ್ಲದ ಜಾಗಕ್ಕೆ ಮಗುವನ್ನು ಕಳುಹಿಸಲೇಬೇಡಿ.

ಇಷ್ಟಾದರೂ ಸಣ್ಣ ನೋವು ತಪ್ಪುವುದಿಲ್ಲ. ಬಿಲ್ಲು ಹಿಡಿದ ಕೈಯ ಮೊಣಕೈ ಒಳಕ್ಕೆ ತಿರುಗಿದ್ದರೆ, ಬಿಟ್ಟ ಹೆದೆ ಮುಂದೋಳಿಗೆ ಚಟೀರೆಂದು ಬಡಿಯುತ್ತದೆ; ಸಂಜೆಯ ಹೊತ್ತಿಗೆ ಅಲ್ಲಿ ಕೆಂಪು ಬರೆ ಎದ್ದು, ಮರುದಿನ ನೀಲಿಗಟ್ಟುತ್ತದೆ. ಮಗು ಅದನ್ನು ತೋರಿಸಿದಾಗ ಅಮ್ಮ "ಅಯ್ಯೋ, ಸಾಕು ಬಿಡು ಕಂದಾ" ಎನ್ನಬಹುದು, ಅಪ್ಪ "ಇಷ್ಟಕ್ಕೇ ಅಳ್ತೀಯಾ?" ಎಂದು ಗದರಬಹುದು. ಎರಡೂ ಮಗುವನ್ನು ಆ ನೋವಿನೊಂದಿಗೆ ಒಂಟಿಯಾಗಿ ಬಿಡುತ್ತವೆ. ತಣ್ಣೀರಿನ ಬಟ್ಟೆ ಒತ್ತುತ್ತಾ, ಹೆದೆ ಯಾಕೆ ತಗುಲಿತು ಎಂದು ಕೇಳಿ. ಕಾರಣವನ್ನು ತಾನೇ ಹೇಳಬಲ್ಲ ಮಗುವಿಗೆ ನಾಳೆ ಏನನ್ನು ಸರಿಪಡಿಸಿಕೊಳ್ಳಬೇಕೆಂಬುದೂ ತಿಳಿದಿರುತ್ತದೆ.

ನಿಜವಾದ ಪರೀಕ್ಷೆ ಮರುದಿನದ್ದು. ಪೆಟ್ಟು ತಿಂದ ಕೈ ಹೆದೆ ಬಿಡುವ ಕ್ಷಣದಲ್ಲಿ ತಾನಾಗಿಯೇ ಹಿಂಜರಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಬಾಣ ಎತ್ತಲೋ ಹೋಗುತ್ತದೆ. ಅಂಥ ದಿನ ಹಗುರವಾದ ಬಿಲ್ಲು ಕೊಟ್ಟು, ಗುರಿಹಲಗೆಯನ್ನು ನಾಲ್ಕು ಹೆಜ್ಜೆ ಹತ್ತಿರ ತಂದು ನಿಲ್ಲಿಸುವ ಗುರುವೇ ಒಳ್ಳೆಯ ಗುರು. ಒಲಿಂಪಿಕ್ಸ್‌ನ 70 ಮೀಟರ್ ದೂರ, 122 ಸೆಂಟಿಮೀಟರ್ ಅಗಲದ ಗುರಿಯ ನಡುವಿನ ಹಳದಿ ಬಣ್ಣ, ಇವೆಲ್ಲ ಕಾಯುತ್ತವೆ. ಬೈದು ತುಂಬಿದ ಧೈರ್ಯ ಬೈಯುವವರು ಎದುರಿಗಿರುವ ತನಕ ಮಾತ್ರ ಎಂದು ನಾನು ನಂಬುತ್ತೇನೆ; ಆದ್ದರಿಂದ ಆ ದಿನ ಅಂಕ ಎಷ್ಟು ಬಂತು ಎಂದು ಕೇಳದಿರಿ.

ಕೊನೆಗೆ ಖರ್ಚಿನ ಮಾತು. ಮಗು ಬೆಳೆದಂತೆ ತೋಳು ಉದ್ದವಾಗುತ್ತದೆ, ಬಲ ಹೆಚ್ಚುತ್ತದೆ, ಬಿಲ್ಲಿನ ಅಳತೆಯೂ ಬದಲಾಗುತ್ತದೆ. ಹೀಗಾಗಿ ಆರಂಭದಲ್ಲಿ ತರಬೇತಿ ಕೇಂದ್ರದ ಬಿಲ್ಲೇ ಸಾಕು. ಮುಂದೋಳಿನ ಕಾಪು ಮತ್ತು ಬೆರಳಿಗೆ ಹಾಕುವ ಚರ್ಮದ ಪಟ್ಟಿಯನ್ನು ಮಾತ್ರ ಮಗುವಿನ ಕೈಗೆ ಹಾಕಿ ನೋಡಿಯೇ ಕೊಂಡುಕೊಡಿ. ನಮಸ್ಕಾರ.