ಹೊಸ ಸ್ವಯಂಸೇವಕರಿಗೆ ಆನ್‌ಲೈನ್ ಆನ್‌ಬೋರ್ಡಿಂಗ್: ಫಾರ್ಮ್ ತುಂಬಿದವರು ಕೆಲಸಕ್ಕೆ ಇಳಿಯುವವರೆಗೆ

[ಪರದೆ: ಒಂದು ಶೀಟ್. ಹೆಸರು, ಫೋನ್, ಇಮೇಲ್ ತುಂಬಿವೆ. ‘ಮುಂದೇನು’ ಎಂಬ ಕಾಲಂ ಪೂರ್ತಿ ಖಾಲಿ.]

ನಮಸ್ಕಾರ. ಸ್ವಯಂಸೇವಕರು ಬೇಕು ಅಂತ ಪೋಸ್ಟ್ ಹಾಕಿದ್ದಾಯಿತು, ಫಾರ್ಮ್ ಕೊಟ್ಟಿದ್ದಾಯಿತು, ಜನ ತುಂಬಿದ್ದೂ ಆಯಿತು. ಎರಡು ವಾರ ಬಿಟ್ಟು ಫೋನ್ ಮಾಡಿದರೆ ಎಷ್ಟೋ ಜನ ಎತ್ತುವುದಿಲ್ಲ. ಎತ್ತಿದವರಲ್ಲೂ ಕೆಲವರು ‘ಯಾವ ಸಂಸ್ಥೆ?’ ಅಂತ ಕೇಳುತ್ತಾರೆ. ಆಸಕ್ತಿ ಇದ್ದದ್ದಕ್ಕೇ ಅವರು ಫಾರ್ಮ್ ತುಂಬಿದ್ದು. ಆಮೇಲೆ ಯಾರೂ ಮಾತಾಡಿಸಲಿಲ್ಲ, ಅಷ್ಟೇ. ಒಂದು ಹಂತ ಮುಗಿದು ಇನ್ನೊಂದು ಶುರುವಾಗುವ ನಡುವೆ ಬೀಳುವ ಗ್ಯಾಪ್‌ನಲ್ಲೇ ಜನ ಕೈತಪ್ಪಿ ಹೋಗುತ್ತಾರೆ. ಈ ವಿಡಿಯೋದಲ್ಲಿ ಆ ಗ್ಯಾಪ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗೋಣ.

[ಪರದೆ: ಖಾಲಿ ಹಾಳೆ. ಕೆಳಗಿನ ತುದಿಯಲ್ಲಿ ಬರೆಯುತ್ತಾರೆ: ‘ಮೊದಲ ಕೆಲಸ’.]

ಬಹಳಷ್ಟು ಸಂಸ್ಥೆಗಳು ಫಾರ್ಮ್‌ನಿಂದ ಶುರು ಮಾಡುತ್ತವೆ. ನೀವು ಕೊನೆಯಿಂದ ಶುರು ಮಾಡಿ. ಹೊಸಬರು ಬಂದು ಮಾಡುವ ಮೊಟ್ಟಮೊದಲ ಕೆಲಸ ಯಾವುದು? ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ದೃಷ್ಟಿಹೀನ ಓದುಗರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಸಂಸ್ಥೆ ಅಂದುಕೊಳ್ಳಿ. ‘ಆಡಿಯೋ ಪುಸ್ತಕಕ್ಕೆ ಸಹಾಯ ಮಾಡುವುದು’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ‘ಕೊಟ್ಟ ಎರಡು ಪುಟ ಓದಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಫೋಲ್ಡರ್‌ಗೆ ಹಾಕುವುದು’ ಅಂತ ಬರೆಯಿರಿ. ಈಗ ಹಿಂದಕ್ಕೆ ಬನ್ನಿ. ಈ ಕೆಲಸಕ್ಕೆ ಅವರಿಗೆ ಏನು ಗೊತ್ತಿರಬೇಕು, ಯಾವ ಫೋಲ್ಡರ್ ತೆರೆಯಬೇಕು, ಅವರ ಬಗ್ಗೆ ನಮಗೆ ಏನು ಗೊತ್ತಿರಬೇಕು? ಈ ಪಟ್ಟಿಯಲ್ಲಿ ಬಂದದ್ದು ಮಾತ್ರ ಆನ್‌ಬೋರ್ಡಿಂಗ್‌ಗೆ ಸೇರಲಿ. ಸಂಸ್ಥೆ ಹುಟ್ಟಿದ ಕಥೆ, ಟ್ರಸ್ಟಿಗಳ ಪರಿಚಯ ಎಲ್ಲ ಆಮೇಲೆ, ಅಥವಾ ಬೇಡವೇ ಬೇಡ.

[ಪರದೆ: ಗೂಗಲ್ ಫಾರ್ಮ್ ಎಡಿಟ್ ಮಾಡುವ ಪುಟ.]

ಫಾರ್ಮ್‌ಗೆ ಬರೋಣ. ಎಂಟು ಪ್ರಶ್ನೆ ಸಾಕು: ಹೆಸರು, ಇಮೇಲ್, ಫೋನ್, ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ, ಯಾವ ದಿನ ಯಾವ ಹೊತ್ತು, ಬರುವ ಭಾಷೆಗಳು, 18 ವರ್ಷ ತುಂಬಿದೆಯೇ. ಕೊನೆಯ ಪ್ರಶ್ನೆಯ ಮೂರು ಚುಕ್ಕಿ ಒತ್ತಿ, ಉತ್ತರಕ್ಕೆ ತಕ್ಕಂತೆ ಬೇರೆ ವಿಭಾಗಕ್ಕೆ ಹೋಗುವ ಆಯ್ಕೆ ಹಾಕಿ. ‘ಇಲ್ಲ’ ಅಂದವರಿಗೆ ಪೋಷಕರ ಹೆಸರು, ಫೋನ್ ಕೇಳುವ ಪುಟ ತೆರೆಯುತ್ತದೆ. ಉಳಿದವರಿಗೆ ಅದು ಕಾಣಿಸುವುದೇ ಇಲ್ಲ.

ಗುರುತಿನ ಚೀಟಿಯ ಫೋಟೋ ಇಲ್ಲೇ ಕೇಳಬೇಡಿ. ಅದಕ್ಕೆ ಎರಡು ಕಾರಣ. ಫೈಲ್ ಅಪ್‌ಲೋಡ್ ಪ್ರಶ್ನೆ ಒಂದಿದ್ದರೂ ಸಾಕು, ಗೂಗಲ್ ಖಾತೆಯಲ್ಲಿ ಲಾಗಿನ್ ಆಗದವರು ಫಾರ್ಮ್ ತುಂಬಲಾರರು. ಜೊತೆಗೆ, ಆ ಫೋಟೋಗಳೆಲ್ಲ ಫಾರ್ಮ್ ಮಾಡಿದವರ ಡ್ರೈವ್‌ಗೆ ಬಂದು ಬೀಳುತ್ತವೆ. ಕೆಲಸಕ್ಕೇ ಬಾರದವರ ದಾಖಲೆಗಳನ್ನೂ ವರ್ಷಗಟ್ಟಲೆ ನೀವು ಕಾಯುತ್ತಾ ಕೂರಬೇಕಾಗುತ್ತದೆ.

ಲಿಂಕ್ ಹಂಚುವಾಗಲೂ ಒಂದು ಎಡವಟ್ಟು ಆಗುತ್ತಿರುತ್ತದೆ. ಎಡಿಟ್ ಪುಟದ ವಿಳಾಸವನ್ನೇ ಬ್ರೌಸರ್‌ನಿಂದ ಕಾಪಿ ಮಾಡಿ ಕಳಿಸಿಬಿಡುತ್ತಾರೆ, ತೆರೆದವರಿಗೆ ‘ಅನುಮತಿ ಕೇಳಿ’ ಅಂತ ಬರುತ್ತದೆ. ಉತ್ತರಿಸುವವರ ಲಿಂಕ್ ಬೇರೆಯೇ ಇದೆ, ಅದನ್ನೇ ತೆಗೆದುಕೊಳ್ಳಿ. ಸಂಸ್ಥೆಯ ಖಾತೆಯಲ್ಲಿ ಮಾಡಿದ ಫಾರ್ಮ್ ಕೆಲವು ಸಲ ಸಂಸ್ಥೆಯ ಒಳಗಿನವರಿಗಷ್ಟೇ ತೆರೆಯುವಂತೆ ಇರುತ್ತದೆ. ಹಂಚುವ ಮೊದಲು ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಂದರೆ ನಿಮ್ಮ ಲಾಗಿನ್ ಇಲ್ಲದ ಕಿಟಕಿಯಲ್ಲಿ, ಒಮ್ಮೆ ತೆರೆದು ನೋಡಿದರೆ ಎರಡೂ ಗೊತ್ತಾಗುತ್ತವೆ.

[ಪರದೆ: ಫೋನ್‌ನಲ್ಲಿ ಬಂದ ಒಂದು ಇಮೇಲ್, ಹತ್ತಿರದಿಂದ.]

ಈಗ ಮೊದಲ ಗ್ಯಾಪ್. ಫಾರ್ಮ್ ಕಳಿಸಿದ ಕೂಡಲೇ ಅವರಿಗೆ ಉತ್ತರ ಹೋಗಬೇಕು. ಉತ್ತರಗಳ ಪ್ರತಿಯನ್ನು ಕಳಿಸುವ ಸೆಟ್ಟಿಂಗ್ ಫಾರ್ಮ್‌ನಲ್ಲೇ ಇದೆ, ಆದರೆ ಅದು ಬರೀ ರಸೀದಿ. ಸ್ವಾಗತದ ಇಮೇಲ್ ತಾನಾಗಿ ಹೋಗಬೇಕಾದರೆ ಆ್ಯಪ್ಸ್ ಸ್ಕ್ರಿಪ್ಟ್ ಎಂಬ ಗೂಗಲ್‌ನದೇ ಕೋಡ್ ಬರೆಯುವ ಜಾಗದಲ್ಲಿ ಹತ್ತು ಹದಿನೈದು ಸಾಲಿನ ಕೋಡ್ ಬರೆದು, ಅದು ತಾನಾಗಿ ಓಡುವಂತೆ ‘ಫಾರ್ಮ್ ಸಲ್ಲಿಸಿದಾಗ’ ಎಂಬ ಟ್ರಿಗರ್ ಹಾಕಬೇಕು. ಉಚಿತ ಜಿಮೇಲ್ ಖಾತೆಯಿಂದ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ವಿಳಾಸಗಳಿಗೆ ಮಾತ್ರ ಕಳಿಸಬಹುದು. ಮಾಮೂಲಿ ದಿನಗಳಿಗೆ ಅದು ಬೇಕಾದಷ್ಟಾಯಿತು. ದೊಡ್ಡ ಪ್ರಚಾರ ಮಾಡಿದ ದಿನ ಮಾತ್ರ ನೂರು ದಾಟಿದವರಿಗೆ ಇಮೇಲ್ ಹೋಗುವುದಿಲ್ಲ, ಅವರಿಗೆ ಅದು ತಿಳಿಯುವುದೂ ಇಲ್ಲ.

ಇಮೇಲ್‌ನಲ್ಲಿ ಇಷ್ಟೇ ಇರಲಿ: ‘ನಿಮ್ಮ ಅರ್ಜಿ ತಲುಪಿದೆ. ಮುಂದಿನ ಹೆಜ್ಜೆ, ಅರ್ಧ ಗಂಟೆಯ ಪರಿಚಯದ ಕರೆ. ಕೆಳಗಿನ ಎರಡು ಸಮಯಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಪ್ರಶ್ನೆಗಳಿದ್ದರೆ ಈ ಇಮೇಲ್‌ಗೇ ಉತ್ತರ ಬರೆಯಿರಿ.’ ಒಂದೇ ಲಿಂಕ್, ಅಟ್ಯಾಚ್‌ಮೆಂಟ್ ಬೇಡ. ಐದು ಪಿಡಿಎಫ್ ಹಾಕಿದರೆ ಇಮೇಲ್ ಸ್ಪ್ಯಾಮ್‌ಗೆ ಹೋದೀತು, ಹೋಗದಿದ್ದರೂ ಯಾರೂ ಓದುವುದಿಲ್ಲ. ಮರೆಯದೆ ಫಾರ್ಮ್‌ನ ಕೊನೆಯ ಸಂದೇಶದಲ್ಲಿ ‘ಇಮೇಲ್ ಕಾಣದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ’ ಅಂತ ಬರೆಯಿರಿ.

[ಪರದೆ: ಶೀಟ್. ಎರಡು ಟ್ಯಾಬ್‌ಗಳು: ‘ಉತ್ತರಗಳು’, ‘ಹಂತಗಳು’.]

ಯಾರು ಎಲ್ಲಿಗೆ ಬಂದಿದ್ದಾರೆ ಅಂತ ತಿಳಿಯಲು ಶೀಟ್ ಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಫಾರ್ಮ್‌ನ ಉತ್ತರಗಳು ಬರುವ ಟ್ಯಾಬ್‌ನಲ್ಲಿ ನೀವು ಏನೂ ಬರೆಯಬೇಡಿ. ಹೊಸ ಉತ್ತರಕ್ಕೆ ಹೊಸ ಸಾಲು ಸೇರುತ್ತದೆ, ಪಕ್ಕದಲ್ಲಿ ನೀವು ಎಳೆದಿಟ್ಟ ಸೂತ್ರ ಅದಕ್ಕೆ ಬರದೆ ಹೋಗಬಹುದು. ಸರಿ, ಇನ್ನೊಂದು ಟ್ಯಾಬ್‌ಗೆ ಸೂತ್ರದಿಂದ ಹೆಸರು ಎಳೆದು ಪಕ್ಕದಲ್ಲಿ ಟಿಪ್ಪಣಿ ಬರೆಯೋಣ ಅಂದರೆ ಅಪಾಯ ಇನ್ನೂ ದೊಡ್ಡದು. ಯಾರಾದರೂ ಮೂಲ ಟ್ಯಾಬನ್ನು ಹೆಸರಿನ ಕ್ರಮಕ್ಕೆ ಜೋಡಿಸಿದರೆ ಹೆಸರುಗಳು ಜಾಗ ಬದಲಿಸುತ್ತವೆ, ನೀವು ಕೈಯಲ್ಲಿ ಬರೆದ ಟಿಪ್ಪಣಿ ಇದ್ದಲ್ಲೇ ಇರುತ್ತದೆ. ಒಬ್ಬರ ‘ಪರಿಶೀಲನೆ ಮುಗಿದಿದೆ’ ಇನ್ನೊಬ್ಬರ ಹೆಸರಿನ ಮುಂದೆ ಕೂತುಬಿಡುತ್ತದೆ. ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಯಲ್ಲಿ ಹೀಗಾದರೆ ಏನು ಗತಿ, ಯೋಚಿಸಿ. ಅದಕ್ಕೇ ಹೆಸರು, ಇಮೇಲ್ ಎರಡನ್ನೂ ‘ಹಂತಗಳು’ ಟ್ಯಾಬ್‌ಗೆ ಬರೀ ಮೌಲ್ಯವಾಗಿ, ಅಂದರೆ ಸೂತ್ರವಿಲ್ಲದ ಅಕ್ಷರವಾಗಿ, ಪೇಸ್ಟ್ ಮಾಡಿ. ಕೈಕೆಲಸ ನಿಜ, ಆದರೆ ಸುರಕ್ಷಿತ.

ಆ ಟ್ಯಾಬ್‌ನಲ್ಲಿ ಹಂತ, ಹಂತಕ್ಕೆ ಬಂದ ದಿನಾಂಕ, ಯಾರು ನೋಡಿಕೊಳ್ಳುತ್ತಿದ್ದಾರೆ, ಈ ಮೂರು ಕಾಲಂ ಇರಲಿ. ಹಂತಕ್ಕೆ ಡ್ರಾಪ್‌ಡೌನ್ ಹಾಕಿ, ಇಲ್ಲದಿದ್ದರೆ ಒಬ್ಬರು ‘ಮುಗಿದಿದೆ’, ಇನ್ನೊಬ್ಬರು ‘ಆಯ್ತು’ ಅಂತ ಬರೆದು ಫಿಲ್ಟರ್ ಕೆಲಸಕ್ಕೆ ಬಾರದ ಹಾಗಾಗುತ್ತದೆ. ಒಂದೇ ಹಂತದಲ್ಲಿ ಐದು ದಿನ ದಾಟಿದ ಸಾಲು ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಕೊಡಿ. ಕೆಂಪು ಸಾಲಿನವರಿಗೆ ಇಮೇಲ್ ಬೇಡ, ಫೋನ್ ಮಾಡಿ.

[ಪರದೆ: ವಿಡಿಯೋ ಕರೆ, ಆರೇಳು ಮುಖಗಳು.]

ಪರಿಚಯದ ಕರೆಗೆ ಒಬ್ಬೊಬ್ಬರ ಬಿಡುವು ಕೇಳುತ್ತಾ ಹೋದರೆ ವಾರವೇ ಕಳೆಯುತ್ತದೆ. ವಾರಕ್ಕೆ ಎರಡು ನಿಗದಿತ ಹೊತ್ತು ಇಡಿ, ಒಂದು ಸಂಜೆ, ಒಂದು ರಜೆಯ ದಿನ. ಒಂದು ಕರೆಗೆ ಎಂಟಕ್ಕಿಂತ ಹೆಚ್ಚು ಜನ ಬೇಡ. ಉಚಿತ ಜೂಮ್ 40 ನಿಮಿಷಕ್ಕೆ ಕಟ್ ಆಗುತ್ತದೆ, ಉಚಿತ ಗೂಗಲ್ ಮೀಟ್ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷಕ್ಕೆ. ಅರ್ಧ ಗಂಟೆಗೆ ಎರಡೂ ಸಾಕು. ಅವರು ಮಾಡಲಿರುವ ಮೊದಲ ಕೆಲಸವನ್ನು ಕರೆಯಲ್ಲೇ ಸ್ಕ್ರೀನ್ ಹಂಚಿ ಮಾಡಿ ತೋರಿಸಿ.

ಮಕ್ಕಳು, ವೃದ್ಧರು, ರೋಗಿಗಳು, ಹಣ, ಈ ನಾಲ್ಕರಲ್ಲಿ ಯಾವುದಕ್ಕೆ ಸಂಬಂಧಿಸಿದ ಕೆಲಸವಾದರೂ ಕರೆಯ ನಂತರ ಪರಿಶೀಲನೆ ಇರಲೇಬೇಕು: ಗುರುತಿನ ದಾಖಲೆ, ಅವರನ್ನು ಬಲ್ಲ ಇಬ್ಬರ ಜೊತೆ ಫೋನ್ ಮಾತು, ನಿಮ್ಮಲ್ಲಿನ ಕಾನೂನು ಕೇಳುವ ಬೇರೆ ತಪಾಸಣೆ. ಅದು ಮುಗಿಯುವವರೆಗೆ ಯಾವ ಗುಂಪಿಗೂ, ಯಾವ ಫೋಲ್ಡರ್‌ಗೂ ಸೇರಿಸಬೇಡಿ. ದಾಖಲೆಯನ್ನು ವಿಡಿಯೋ ಕರೆಯಲ್ಲೇ ನೋಡಿ, ‘ನೋಡಿದ ದಿನಾಂಕ, ನೋಡಿದವರು’ ಅಂತ ಬರೆದುಕೊಳ್ಳಿ. ಪ್ರತಿ ಇಟ್ಟುಕೊಳ್ಳುವುದು ಕಡ್ಡಾಯವಲ್ಲ ಅಂತಾದರೆ ಇಟ್ಟುಕೊಳ್ಳಲೇಬೇಡಿ.

[ಪರದೆ: ತರಬೇತಿ ಪುಟ. ನಾಲ್ಕು ಪುಟ್ಟ ವಿಡಿಯೋಗಳು.]

ತರಬೇತಿ ವಿಡಿಯೋ ಒಂದೊಂದೂ ಐದಾರು ನಿಮಿಷ, ಒಂದರಲ್ಲಿ ಒಂದೇ ಕೆಲಸ. ಚಿಕ್ಕದು ಅಂದರೆ ನೋಡುವವರಿಗೆ ಸುಲಭ, ಅದು ಸರಿ. ನಿಮಗೂ ಲಾಭ ಇದೆ. ಆ್ಯಪ್‌ನಲ್ಲಿ ಒಂದು ಬಟನ್ ಜಾಗ ಬದಲಾದರೆ ಆ ಐದು ನಿಮಿಷ ಮಾತ್ರ ಮತ್ತೆ ರೆಕಾರ್ಡ್ ಮಾಡಿದರಾಯಿತು. ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಇಟ್ಟರೆ ಹುಡುಕಾಟದಲ್ಲಿ ಸಿಗುವುದಿಲ್ಲ, ಲಿಂಕ್ ಸಿಕ್ಕ ಯಾರಾದರೂ ನೋಡಬಹುದು. ಹಾಗಾಗಿ ಅದರಲ್ಲಿ ಫಲಾನುಭವಿಗಳ ಮುಖ, ಹೆಸರು, ಪಾಸ್‌ವರ್ಡ್ ಕಾಣದಂತೆ ನೋಡಿಕೊಳ್ಳಿ. ಒಮ್ಮೆ ಹಾಕಿದ ವಿಡಿಯೋ ಜಾಗಕ್ಕೆ ಅದೇ ಲಿಂಕ್‌ನಲ್ಲಿ ಹೊಸ ಫೈಲ್ ಹಾಕಲು ಯೂಟ್ಯೂಬ್ ಬಿಡುವುದಿಲ್ಲ. ಇಮೇಲ್‌ಗಳಲ್ಲಿ ವಿಡಿಯೋ ಲಿಂಕ್ ನೇರವಾಗಿ ಕೊಡದೆ, ಎಲ್ಲ ವಿಡಿಯೋ ಇರುವ ಒಂದು ಪುಟದ ಲಿಂಕ್ ಕೊಟ್ಟರೆ ಬದಲಾವಣೆ ಒಂದೇ ಕಡೆ ಮಾಡಿದರೆ ಸಾಕು. ಕ್ಯಾಪ್ಷನ್ ನೀವೇ ಟೈಪ್ ಮಾಡಿ ಹಾಕಿ, ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರಿಗೂ ಬೇಕಾಗುತ್ತದೆ.

ಕ್ವಿಜ್‌ನಲ್ಲಿ ‘ನಮ್ಮ ಧ್ಯೇಯವಾಕ್ಯ ಯಾವುದು’ ಅಂತ ಕೇಳಿ ಪ್ರಯೋಜನವಿಲ್ಲ. ‘ರೆಕಾರ್ಡ್ ಮಾಡುತ್ತಿರುವಾಗ ಒಂದು ಸಾಲು ತಪ್ಪು ಓದಿದಿರಿ. ಈಗ ಏನು ಮಾಡುತ್ತೀರಿ?’ ಅಂತ ಕೇಳಿ. ತಪ್ಪು ಆರಿಸಿದವರು ವಿವರಣೆಯ ವಿಭಾಗಕ್ಕೆ ಹೋಗಿ ಮತ್ತೆ ಅದೇ ಪ್ರಶ್ನೆಗೆ ಬರುವಂತೆ ಮಾಡಬಹುದು. ಕ್ವಿಜ್ ಪಾಸಾಗದೆ ಮುಂದಿನ ಪಾಠ ತೆರೆಯಬಾರದು ಅಂದರೆ ಗೂಗಲ್ ಫಾರ್ಮ್ ಸಾಲದು, ಮೂಡಲ್‌ನಂಥ ಆನ್‌ಲೈನ್ ಪಾಠದ ತಂತ್ರಾಂಶ ಬೇಕು. ಮೂಡಲ್ ಉಚಿತ ತಂತ್ರಾಂಶ ನಿಜ, ಆದರೆ ಅದಕ್ಕೆ ಸರ್ವರ್ ಬೇಕು, ಅಪ್‌ಡೇಟ್ ಮಾಡುವ ಒಬ್ಬರು ಬೇಕು. ತಿಂಗಳಿಗೆ ಹತ್ತು ಹನ್ನೆರಡು ಜನ ಬರುವ ಸಂಸ್ಥೆಗೆ ಅಷ್ಟು ಗೋಜು ಬೇಡ ಅಂತಲೇ ನಮ್ಮ ಅಭಿಪ್ರಾಯ.

[ಪರದೆ: ಫೋಲ್ಡರ್ ಹಂಚುವ ಕಿಟಕಿ.]

ಫೋಲ್ಡರ್‌ಗಳನ್ನು ಒಬ್ಬೊಬ್ಬರ ಇಮೇಲ್‌ಗೆ ಹಂಚುತ್ತಾ ಹೋಗಬೇಡಿ. ಪುಸ್ತಕ ಓದಿ ರೆಕಾರ್ಡ್ ಮಾಡುವ ಸ್ವಯಂಸೇವಕರಿಗೆ ಗೂಗಲ್ ಗ್ರೂಪ್ಸ್‌ನಲ್ಲಿ ‘ಓದುಗರು’ ಅಂತ ಗುಂಪು ಮಾಡಿ, ಫೋಲ್ಡರನ್ನು ಗುಂಪಿಗೆ ಹಂಚಿ. ಹೊಸಬರನ್ನು ಗುಂಪಿಗೆ ಸೇರಿಸಿದರೆ ಎಲ್ಲವೂ ತೆರೆಯುತ್ತದೆ, ತೆಗೆದರೆ ಎಲ್ಲವೂ ಮುಚ್ಚುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವ ಮೊದಲು ಒಪ್ಪಿಗೆ ಕೇಳಿ, ಅಲ್ಲಿ ಅವರ ನಂಬರ್ ಉಳಿದ ಸದಸ್ಯರ ಕೈಗೆ ಸಿಗಬಹುದು.

ತರಬೇತಿ ಮುಗಿದ ಮೂರು ದಿನದೊಳಗೆ ಮೊದಲ ಕೆಲಸ ಅವರ ಕೈ ಸೇರಬೇಕು, ಜೊತೆಗೆ ಒಬ್ಬ ಹಳೆಯ ಸ್ವಯಂಸೇವಕರ ಹೆಸರು, ನಂಬರ್. ಅವರು ಕಳಿಸಿದ ರೆಕಾರ್ಡಿಂಗ್‌ಗೆ ಎರಡು ದಿನದೊಳಗೆ ಉತ್ತರ ಹೋಗಲಿ. ಬರೀ ‘ಚೆನ್ನಾಗಿದೆ’ ಅಂದರೆ ಸಾಲದು. ‘ಮೂರನೇ ನಿಮಿಷದಲ್ಲಿ ಫ್ಯಾನ್ ಸದ್ದು ಬಂದಿದೆ, ಫೋನ್ ಬಾಯಿಗೆ ಒಂದು ಗೇಣು ದೂರ ಇಟ್ಟು ಆ ಪುಟ ಮತ್ತೆ ಓದಿ’ ಅಂತ ಹೇಳಿ.

[ಪರದೆ: ಖಾತೆಯ ಸೆಟ್ಟಿಂಗ್ಸ್.]

ಇದೆಲ್ಲ ಯಾರ ಖಾತೆಯಲ್ಲಿದೆ ಅಂತ ಇವತ್ತೇ ನೋಡಿ. ಸಂಯೋಜಕರೊಬ್ಬರ ಸ್ವಂತ ಜಿಮೇಲ್‌ನಲ್ಲಿದ್ದರೆ, ಆ ಖಾತೆ ಮುಚ್ಚಿದ ದಿನ ಫಾರ್ಮ್, ಶೀಟ್, ಫೋಲ್ಡರ್ ಎಲ್ಲ ಹೋಗುತ್ತವೆ. ಸ್ವಾಗತದ ಇಮೇಲ್ ಕಳಿಸುವ ಟ್ರಿಗರ್ ಕೂಡ ಅದನ್ನು ಹಾಕಿದವರ ಖಾತೆಯ ಮೇಲೇ ಓಡುತ್ತಿರುತ್ತದೆ. ಸಂಸ್ಥೆಯ ಹೆಸರಲ್ಲೇ ಖಾತೆ ಮಾಡಿ, ಎರಡು ಹಂತದ ಲಾಗಿನ್ ಹಾಕಿ, ಅದರ ಬ್ಯಾಕಪ್ ಕೋಡ್ ಇಬ್ಬರ ಬಳಿ ಇರಲಿ. ‘ಹಂತಗಳು’ ಟ್ಯಾಬ್‌ನಲ್ಲಿ ಇನ್ನೊಂದು ಕಾಲಂ ಸೇರಿಸಿ: ‘ಬಿಟ್ಟ ದಿನ’. ಅದು ತುಂಬಿದ ದಿನವೇ ಗುಂಪಿನಿಂದ ಹೆಸರು ತೆಗೆಯಿರಿ, ಮಾಹಿತಿ ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಅಂತ ಫಾರ್ಮ್‌ನಲ್ಲಿ ಹೇಳಿದ್ದೀರೋ ಅಷ್ಟು ಕಾಲ ಮುಗಿದ ಮೇಲೆ ಆ ಸಾಲನ್ನೂ ಅಳಿಸಿ. ಎರಡೂ ಟ್ಯಾಬ್‌ಗಳಿಂದ ಅಳಿಸಿ, ಫಾರ್ಮ್‌ನ ಒಳಗಿರುವ ಉತ್ತರವನ್ನೂ ಅಳಿಸಿ. ಶೀಟ್‌ನಲ್ಲಿ ಅಳಿಸಿದರೆ ಫಾರ್ಮ್‌ನಲ್ಲಿ ಅದು ತಾನಾಗಿ ಹೋಗುವುದಿಲ್ಲ.