ಹಳೇ ಫ್ರೆಂಡ್ಸ್ ಬೋಟಿಗೆ ಬಂದಾಗ ದ್ವೀಪ ಸುತ್ತಿಸ್ಬೇಡಿ

ಮೆಡಿಟರೇನಿಯನ್‌ನಲ್ಲಿ ಹಾಯಿ ಬೋಟಲ್ಲಿ ಓಡಾಡ್ಕೊಂಡಿದೀವಿ ಅಂತ ಗೊತ್ತಾದ್ರೆ ಸಾಕು, ಹಳೇ ಫ್ರೆಂಡ್ಸಿಂದ ಫೋನು ಬರೋಕೆ ಶುರುವಾಗುತ್ತೆ, ಯಾವಾಗ ಬರ್ಲೋ ಅಂತ. ನಂಗೆ ಅದಕ್ಕಿಂತ ಖುಷಿ ಕೊಡೋ ಫೋನು ಇನ್ನೊಂದಿಲ್ಲ. ಆದ್ರೆ ಅದರ ಬೆನ್ನಿಗೇ ಒಂದು ಮೆಸೇಜ್ ಬರುತ್ತಲ್ಲ, "ಸ್ಯಾಂಟೊರಿನಿಗೆ ಬಂದಿಳೀತೀನಿ, ಮಿಕೊನೋಸ್‌ನಿಂದ ವಾಪಸ್ ಫ್ಲೈಟು, ಮಧ್ಯ ಒಂದು ವಾರ ನಿನ್ ಬೋಟಲ್ಲಿ", ಇವತ್ತಿನ ಮಾತು ಅದರ ಬಗ್ಗೆ.

ಎರಡೂ ಗ್ರೀಸ್‌ನ ದ್ವೀಪಗಳು, ಮ್ಯಾಪಲ್ಲಿ ನೋಡಿದ್ರೆ ಈ ಪ್ಲ್ಯಾನ್ ಚೆನ್ನಾಗೇ ಕಾಣುತ್ತೆ. ಸ್ಯಾಂಟೊರಿನಿಯಿಂದ ಮಿಕೊನೋಸ್ ಸುಮಾರು 60 ನಾಟಿಕಲ್ ಮೈಲು, ಅಂದ್ರೆ 110 ಕಿಲೋಮೀಟರ್, ಹೆಚ್ಚುಕಮ್ಮಿ ನೇರ ಉತ್ತರಕ್ಕೆ. ಜುಲೈ, ಆಗಸ್ಟ್‌ನಲ್ಲಿ ಈ ದ್ವೀಪಗಳಿರೋ ಏಜಿಯನ್ ಸಮುದ್ರದ ಮೇಲೆ ಮೆಲ್ಟೆಮಿ ಅಂತ ಒಂದು ಗಾಳಿ ಬೀಸುತ್ತೆ, ಅದು ಬರೋದೂ ಅದೇ ಉತ್ತರದಿಂದ. ಆಕಾಶದಲ್ಲಿ ಒಂದು ಮೋಡ ಇರಲ್ಲ, ಬಿಸಿಲು ಫಳಫಳ ಅಂತಿರುತ್ತೆ, ಗಾಳಿ ಮಾತ್ರ ಗಂಟೆಗೆ 50, 60 ಕಿಲೋಮೀಟರ್ ವೇಗದಲ್ಲಿ ದಿನಗಟ್ಟಲೆ ಬಿಡದೆ ಹೊಡೀತಾನೇ ಇರುತ್ತೆ. ಹಾಯಿ ಬೋಟು ಗಾಳಿಗೆ ಎದುರಾಗಿ ನೇರ ಹೋಗಲ್ಲ, ಆ ಕಡೆ ಈ ಕಡೆ ಓರೆಯಾಗಿ ಹೋಗ್ತಾ ಹೋಗ್ತಾನೇ ಮೇಲಕ್ಕೆ ಹತ್ಬೇಕು, ಅಂದ್ರೆ ಆ 60 ಮೈಲು ಎಲ್ಲೋ ಹೋಗಿ ನಿಲ್ಲುತ್ತೆ. ಗಂಟೆಗೆ ಹತ್ತು ಕಿಲೋಮೀಟರ್ ಹೋದ್ರೆ ಅದೇ ಜಾಸ್ತಿ, ಮುಖಕ್ಕೆ ಉಪ್ಪು ನೀರು ರಾಚ್ತಿರುತ್ತೆ, ವರ್ಷಗಳಾದ್ಮೇಲೆ ಸಿಕ್ಕಿರೋ ಗೆಳೆಯ ಬಕೆಟ್ ಹಿಡ್ಕೊಂಡು ಕೂತಿರ್ತಾನೆ. ಇನ್ನು ಸ್ಯಾಂಟೊರಿನಿ ಕಾಲ್ಡೆರಾದಲ್ಲಿ, ಅಂದ್ರೆ ಜ್ವಾಲಾಮುಖಿ ಕುಸಿದು ಸಮುದ್ರ ತುಂಬ್ಕೊಂಡಿರೋ ದೊಡ್ಡ ಕುಳಿಯಲ್ಲಿ, ರಾತ್ರಿ ನಿಲ್ಸೋಣ ಅಂದ್ರೆ ಅಲ್ಲಿ ನೀರು 300 ಮೀಟರಿಗಿಂತ ಆಳ ಇದೆ, ಆಂಕರ್ ಹಾಕೋಕೆ ಜಾಗ ಹುಡುಕೋದೇ ಕಷ್ಟ.

ಬೋಟಿನವ್ರು ಇದಕ್ಕೊಂದು ನಿಯಮ ಮಾಡ್ಕೊಂಡಿದಾರೆ, ನಾನೂ ಬರೋರಿಗೆ ಮೊದಲೇ ಹೇಳ್ಬಿಡ್ತೀನಿ: ತಾರೀಕು ನೀನು ಆರಿಸ್ಕೊ ಇಲ್ಲಾ ಜಾಗ ನೀನು ಆರಿಸ್ಕೊ, ಎರಡೂ ಆಗಲ್ಲ. ಫ್ಲೈಟ್ ತಪ್ಪುತ್ತೆ ಅನ್ನೋ ಒಂದೇ ಕಾರಣಕ್ಕೆ ಹೊರಡಬಾರದ ಗಾಳೀಲಿ ಹೊರಡೋರನ್ನ ನೋಡಿದ್ರೆ ನಿಜವಾಗ್ಲೂ ಹೆದ್ರಿಕೆ ಆಗುತ್ತೆ ನಂಗೆ. ಟಿಕೆಟ್ ದುಡ್ಡು ಹೋದ್ರೆ ಹೋಗ್ಲಿ ಬಿಡಿ.

ನನ್ನ ಕೇಳಿದ್ರೆ ಹಳೇ ಫ್ರೆಂಡ್ಸನ್ನ ಕರೆಸೋಕೆ ಗ್ರೀಸ್‌ನ ಪಶ್ಚಿಮದ ಅಯೋನಿಯನ್ ಸಮುದ್ರದ ದ್ವೀಪಗಳ ಕಡೆನೇ ಸರಿ, ಲೆಫ್ಕಾಡ, ಮೆಗನೀಸಿ, ಇಥಾಕ, ಕೆಫಲೋನಿಯ. ಬೇಸಿಗೇಲಿ ಅಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಸಮುದ್ರ ತಟ್ಟೆ ಥರ ಇರುತ್ತೆ, ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಹಿತವಾದ ಗಾಳಿ ಏಳುತ್ತೆ, ಸಂಜೆಗೆ ಮತ್ತೆ ಇಳಿಯುತ್ತೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಎರಡು ಮೂರು ಗಂಟೆ, ಅಷ್ಟೇ. ಲೆಫ್ಕಾಡಕ್ಕೆ ಸೇತುವೆ ಇರೋದ್ರಿಂದ ಪ್ರೆವೆಜ ಏರ್‌ಪೋರ್ಟಿಂದ ಟ್ಯಾಕ್ಸೀಲೇ ಬಂದ್ಬಿಡ್ಬಹುದು.

ಅಲ್ಲಿಗೆ ಬಂದ್ಮೇಲೂ ದಿನಕ್ಕೊಂದು ಊರು ತೋರಿಸ್ಬೇಕು ಅನ್ನೋ ಆತುರ ಬೇಡ. ಅವ್ರು ಇಷ್ಟು ದೂರ ಬಂದಿರೋದು ನಿಮ್ಮ ಜೊತೆ ಕೂರೋಕೆ. ಫೋನಲ್ಲಿ ಹತ್ತು ನಿಮಿಷ ಮಾತಾಡಿದ್ರೆ ಕೆಲಸ, ಮಕ್ಕಳು, ಆರೋಗ್ಯ, ಮುಗೀತು. ಒಂದೇ ಕೊಲ್ಲಿಯಲ್ಲಿ ಎರಡು ರಾತ್ರಿ ಆಂಕರ್ ಹಾಕಿ ನಿಂತ್ರೆ ಎರಡನೇ ಸಂಜೆ ಹೊತ್ತಿಗೆ ಬೇರೆ ಮಾತುಗಳು ಬರ್ತವೆ. ಅಪ್ಪ ತೀರಿಕೊಂಡಾಗ ಏನೇನಾಯ್ತು, ಆ ಕೆಲಸ ಯಾಕೆ ಬಿಟ್ಟೆ, ಅಷ್ಟು ವರ್ಷ ನಾವಿಬ್ರೂ ಯಾಕೆ ಮಾತಾಡ್ಲಿಲ್ಲ, ಇಂಥವು. ಕಾಕ್‌ಪಿಟ್‌ನಲ್ಲಿ, ಅಂದ್ರೆ ಬೋಟ್ ನಡೆಸೋರು ಕೂರೋ ತೆರೆದ ಜಾಗದಲ್ಲಿ, ಎದುರುಬದುರು ಕೂತ್ರೆ ಮೊಣಕಾಲಿಗೆ ಮೊಣಕಾಲು ತಾಗೋವಷ್ಟೇ ಜಾಗ, ಎದ್ದು ಇನ್ನೊಂದು ರೂಮಿಗೆ ಹೋಗೋ ಹಾಗಿಲ್ಲ, ಮಾತು ತಾನಾಗೇ ಹೊರಗೆ ಬರುತ್ತೆ.

ಮತ್ತೆ ದಯವಿಟ್ಟು ಅವ್ರಿಗೆ ಕೆಲಸ ಕೊಡಿ. ಬಂದೋರನ್ನ ಮೆತ್ತೆ ಮೇಲೆ ಕೂರಿಸಿ ನೀವೇ ಹಗ್ಗ, ಅಡುಗೆ, ಇಂಜಿನ್ ಎಲ್ಲಾ ನೋಡ್ಕೊಂಡ್ರೆ ನಾಲ್ಕನೇ ದಿನಕ್ಕೆ ನೀವು ಸುಸ್ತು, ಅವ್ರಿಗೆ ಸಂಕೋಚ. ಅಲ್ಲಿ ಇಕ್ಕಟ್ಟಾದ ಕೊಲ್ಲಿಗಳಲ್ಲಿ ಬೋಟ್ ನಿಲ್ಸೋ ರೀತಿನೇ ಬೇರೆ, ಮುಂದುಗಡೆ ಆಂಕರ್ ಬಿಟ್ಟು ಹಿಂದಕ್ಕೆ ಬಂದು ಹಿಂಭಾಗದಿಂದ ಒಂದು ಉದ್ದನೆ ಹಗ್ಗ ತಗೊಂಡೋಗಿ ದಡದ ಬಂಡೆಗೋ ಮರಕ್ಕೋ ಕಟ್ಬೇಕು. ಚೆನ್ನಾಗಿ ಈಜೋ ಗೆಳೆಯ ಇದ್ರೆ ಆ ಹಗ್ಗ ಅವನಿಗೇ ಕೊಡಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಹೋಗ್ಲಿ, ಬಂಡೆ ಮೇಲೆ ಮುಳ್ಳು ಮುಳ್ಳಾಗಿರೋ ಸೀ ಅರ್ಚಿನ್ ಇರ್ತವೆ. ಅವನು ಗಂಟು ಹಾಕಿ ಎರಡು ಸಲ ಜಗ್ಗಿ ನೋಡಿ ದಡದಿಂದ ಕೈ ಎತ್ತಿ ತೋರಿಸ್ತಾನಲ್ಲ, ಆ ಕ್ಷಣದಿಂದ ಅವನು ಆ ಬೋಟಿನವನೇ. ವಾಂತಿ ಬರೋ ಹಾಗಿರೋರಿಗೂ ಸ್ಟೀರಿಂಗ್ ಕೊಡಿ, ಕಣ್ಣು ದೂರದಲ್ಲಿ ಸಮುದ್ರ ಆಕಾಶ ಸೇರೋ ಗೆರೆ ಮೇಲೆ ನೆಟ್ಟಿದ್ರೆ ಎಷ್ಟೋ ಜನಕ್ಕೆ ಹೊಟ್ಟೆ ತೊಳಸೋದು ಕಮ್ಮಿ ಆಗುತ್ತೆ. ಕೆಳಗೆ ಕ್ಯಾಬಿನ್ನಿಗೆ ಹೋಗಿ ಮೊಬೈಲ್ ನೋಡೋದು ಮಾತ್ರ ಬೇಡವೇ ಬೇಡ.

ಟಾಯ್ಲೆಟ್, ನೀರಿನ ವಿಷಯ ಬಂದ ದಿನಾನೇ ನಾಚಿಕೆ ಬಿಟ್ಟು ಹೇಳ್ಬಿಡಿ. 40 ಅಡಿ ಬೋಟಲ್ಲಿ ನೀರಿನ ಟ್ಯಾಂಕ್ ಸುಮಾರಾಗಿ 300, 400 ಲೀಟರು, ಎಲ್ಲರಿಗೂ ಸೇರಿ. ಸಮುದ್ರದಲ್ಲಿ ಮುಳುಗೆದ್ದು ಸೋಪು ಹಚ್ಕೊಂಡು ಕೊನೇಲಿ ಮಾತ್ರ ಒಂದೆರಡು ಮಗ್ಗು ಸಿಹಿನೀರು, ಸ್ನಾನ ಅಂದ್ರೆ ಇಷ್ಟೇ. ಟಾಯ್ಲೆಟ್ ಪೈಪು ಸಣ್ಣದು, ಪೇಪರ್ ಬುಟ್ಟಿಗೆ ಹಾಕ್ಬೇಕು. ಗಟ್ಟಿ ಸೂಟ್‌ಕೇಸ್ ತರ್ಬೇಡಿ, ಮಡಚಿಡೋಕೆ ಆಗೋ ಬ್ಯಾಗ್ ತನ್ನಿ ಅಂತ ಮಾತ್ರ ಅವ್ರು ಹೊರಡೋಕೆ ಮುಂಚೆನೇ ಹೇಳಿ.

ದುಡ್ಡಿನ ವಿಷ್ಯ ಒಂದು ಹೇಳ್ತೀನಿ. ಊಟ, ಡೀಸೆಲ್ ಖರ್ಚು ಹಂಚ್ಕೊಳ್ಳೋದು ಬೇರೆ, ಬಾಡಿಗೆ ಅಂತ ತಗೊಳ್ಳೋದು ಬೇರೆ. ಸ್ವಂತಕ್ಕೆ ಅಂತ ರಿಜಿಸ್ಟರ್ ಆಗಿರೋ ಬೋಟಲ್ಲಿ ಬಾಡಿಗೆ ತಗೊಂಡ್ರೆ ಅದು ಲೈಸೆನ್ಸ್ ಇಲ್ಲದ ಚಾರ್ಟರ್, ಅಂದ್ರೆ ಬಾಡಿಗೆ ಬೋಟಿನ ವ್ಯಾಪಾರ ಆಗುತ್ತೆ. ಬಂದೋರ ಹೆಸರು ಕ್ರೂ ಲಿಸ್ಟಲ್ಲಿ, ಅಂದ್ರೆ ಬೋಟಲ್ಲಿ ಇರೋರ ಪಟ್ಟೀಲಿ ಬರೆದಿಡಿ, ಪೋರ್ಟ್ ಪೊಲೀಸ್ ಕೇಳ್ಬಹುದು.

ಕೊನೇ ಎರಡು ರಾತ್ರಿ ಏರ್‌ಪೋರ್ಟಿಗೆ ಟ್ಯಾಕ್ಸೀಲಿ ಹೋಗೋವಷ್ಟು ಹತ್ರ ಇರೋ ಬಂದರಲ್ಲೇ ಇರಿ, ಗಾಳಿ ಹೆಂಗೇ ಇರ್ಲಿ. ಆಗ ಕೊನೇ ಸಂಜೆ ಯಾರೂ ಫೋರ್‌ಕಾಸ್ಟ್ ನೋಡ್ತಾ ಕೂರಲ್ಲ, ಎಲ್ಲರೂ ಸೇರಿ ನಿಧಾನಕ್ಕೆ ಅಡುಗೆ ಮಾಡ್ಬಹುದು. ನಿಮ್ಮಲ್ಲಿ ಯಾರಾದ್ರೂ ಹೀಗೆ ಫ್ರೆಂಡ್ ಬೋಟಿಗೆ ಹೋಗೋರಿದ್ರೆ, ಟಿಕೆಟ್ ಬುಕ್ ಮಾಡೋಕೆ ಮುಂಚೆ ಅವನಿಗೊಂದು ಫೋನ್ ಮಾಡಿ, ಎಲ್ಲಿಗೆ ಬರ್ಲಿ ಅಂತ ಅವನನ್ನೇ ಕೇಳಿ.