ಬೀಜದ ದುಡ್ಡಿನ ಪಕ್ಕದಲ್ಲಿ ಬ್ರಾಂಡಿನ ದುಡ್ಡು

ಎಲ್ಲರಿಗೂ ಶರಣು ಶರಣಾರ್ಥಿ. ಕಲಬುರಗಿಯ ಈ ಬಿಸಿಲಲ್ಲಿ ಮಧ್ಯಾಹ್ನ ಇಷ್ಟು ಜನ ಬಂದಿದ್ದೀರಿ ಅಂದರೆ ಯಾರಿಗೋ ಟ್ರೇಡ್‌ಮಾರ್ಕ್ ಶುಲ್ಕದ ಬಿಸಿ ತಟ್ಟಿದೆ ಅಂತಲೇ ಅರ್ಥ. ನನಗೂ ತಟ್ಟಿದೆ.

ನೆಹರು ಗಂಜ್‌ನಲ್ಲಿ ನಮ್ಮದು ಬೇಳೆ ವ್ಯಾಪಾರ. ಚೀಲದ ಮೇಲಿನ ಗುರುತನ್ನು ಅಪ್ಪ ಟ್ರೇಡ್‌ಮಾರ್ಕ್ ಆಗಿ ನೋಂದಣಿ ಮಾಡಿಸಿದ್ದರು. ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿ, ದಿನಾ ಊದಿನಕಡ್ಡಿ ಬೆಳಗುತ್ತಿದ್ದರು. ಕೈ ಮುಗಿದೆವು, ತಾರೀಖು ಓದಲಿಲ್ಲ. ನೋಂದಣಿ ಬಾಳೋದು ಹತ್ತು ವರ್ಷ, ಆಮೇಲೆ ನವೀಕರಿಸಬೇಕು. ಆ ಲೆಕ್ಕ ಶುರುವಾಗೋದು ಅರ್ಜಿ ಹಾಕಿದ ದಿನದಿಂದ, ಪ್ರಮಾಣಪತ್ರ ಕೈಗೆ ಬಂದ ದಿನದಿಂದಲ್ಲ. ಅಪ್ಪ ಡೈರಿಯಲ್ಲಿ ಬರೆದಿದ್ದು ಎರಡನೆಯದು. ಅವಧಿ ಮುಗಿದು ಎಂಟು ತಿಂಗಳಾದ ಮೇಲೆ ನನ್ನ ಕಣ್ಣಿಗೆ ಬಿತ್ತು. 9,000 ರೂಪಾಯಿಯ ನವೀಕರಣ 18,000 ಆಯಿತು. ಮೊದಲ ಆರು ತಿಂಗಳೊಳಗೇ ನೋಡಿದ್ದರೆ 13,500ಕ್ಕೆ ಮುಗಿಯುತ್ತಿತ್ತು. ವರ್ಷ ದಾಟಿದ್ದರೆ ಹೊಸ ಅರ್ಜಿಯೇ ಗತಿ. ಸರ್ಕಾರ ಒಂದು ಪೈಸೆ ಏರಿಸಿರಲಿಲ್ಲ, ನಮಗೆ ನಾವೇ ಏರಿಸಿಕೊಂಡಿದ್ದೆವು!

ಇನ್ನು ಸರ್ಕಾರ ಏರಿಸುವ ಮಾತು. 2017ರ ಮಾರ್ಚ್‌ನಲ್ಲಿ ಹೊಸ ಟ್ರೇಡ್‌ಮಾರ್ಕ್ ನಿಯಮ ಬಂತು. ಅದಕ್ಕೂ ಮೊದಲು ಅರ್ಜಿ ಶುಲ್ಕ 4,000. ಆಮೇಲೆ ಆನ್‌ಲೈನ್‌ನಲ್ಲಿ ಒಬ್ಬಂಟಿ ವ್ಯಾಪಾರಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ಯಮಕ್ಕೆ 4,500, ಉಳಿದವರಿಗೆಲ್ಲ 9,000. ನವೀಕರಣ ಮಾತ್ರ 5,000ದಿಂದ 9,000ಕ್ಕೆ ಹೋಯಿತು, ಅದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಆದರೆ ಇದು ರಾತ್ರೋರಾತ್ರಿ ಬಂದದ್ದಲ್ಲ. ಕರಡು 2015ರ ನವೆಂಬರ್‌ನಲ್ಲೇ ಹೊರಬಿದ್ದಿತ್ತು. ಒಂದು ವರ್ಷಕ್ಕೂ ಜಾಸ್ತಿ ಸಮಯ. ಕರಡು ಬಂದಾಗ ಓದಿ. ನವೀಕರಣವನ್ನು ಅವಧಿ ಮುಗಿಯುವ ಒಂದು ವರ್ಷ ಮೊದಲೇ ಮಾಡಿಸಬಹುದು. ದರ ಏರುವ ಸುಳಿವು ಸಿಕ್ಕರೆ ಕೊನೇ ವಾರದ ತನಕ ಯಾಕೆ ಕಾಯಬೇಕು?

ರೊಟ್ಟಿ ಮಾಡುವ ಅಕ್ಕಂದಿರು ಮುಂದೆ ಕೂತಿದ್ದೀರಿ. ಟ್ರೇಡ್‌ಮಾರ್ಕ್‌ಗೆ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಪ್ರತಿ ವರ್ಗಕ್ಕೂ ಪ್ರತ್ಯೇಕ ಶುಲ್ಕ. ಜೋಳದ ರೊಟ್ಟಿ 30ನೇ ವರ್ಗ, ಉಪ್ಪಿನಕಾಯಿ 29. ಒಂದೇ ಹೆಸರಲ್ಲಿ ಎರಡನ್ನೂ ಮಾರಿದರೆ 4,500 ಎರಡು ಸಲ. ಮುಂದೆ ಯಾವಾಗಲೋ ಉಪ್ಪಿನಕಾಯಿ ಹಾಕ್ತೀವಿ ಅಂತ ಈಗಲೇ ದುಡ್ಡು ಕಟ್ಟಬೇಡಿ. ಸಂಘದ ಹೆಸರಲ್ಲಿ ಹಾಕುವುದಾದರೆ ಮೊದಲು ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ‘ಉದ್ಯಮ್’ ನೋಂದಣಿ ಮಾಡಿಸಿ, ರಿಯಾಯಿತಿಗೆ ಆ ಕಾಗದ ಬೇಕು.

ಎಲ್ಲ ಶುಲ್ಕವೂ ಏರುತ್ತದೆ ಅಂತೇನಿಲ್ಲ. ನಮ್ಮ ತೊಗರಿಬೇಳೆಗೆ, ಬೀದರಿನ ಬಿದ್ರಿ ಕೆಲಸಕ್ಕೆ ಜಿಐ, ಅಂದರೆ ಇದು ಆ ಊರಿನದೇ ಅನ್ನುವ ಭೌಗೋಳಿಕ ಗುರುತು, ಇದೆಯಲ್ವಾ? ಆ ಗುರುತನ್ನು ಬಳಸಲು ಹಾಕುವ ಅಧಿಕೃತ ಬಳಕೆದಾರರ ಅರ್ಜಿಗೆ 500 ಇತ್ತು, 2020ರಲ್ಲಿ 10 ರೂಪಾಯಿ ಮಾಡಿದರು. ಹತ್ತೇ ರೂಪಾಯಿ!

ಪೇಟೆಂಟ್ ಪಡೆದ ಹುಡುಗರಿಗೆ ಒಂದು ಮಾತು. ಅಲ್ಲಿ ಏರಿಕೆ ದರಪಟ್ಟಿಯೊಳಗೇ ಇದೆ. ಪೇಟೆಂಟ್ ಉಳಿಸಿಕೊಳ್ಳಲು ವರ್ಷವರ್ಷ ಕಟ್ಟುವ ಶುಲ್ಕ ವ್ಯಕ್ತಿಗೆ ಮೂರನೇ ವರ್ಷ 800, ಹದಿನಾರನೇ ವರ್ಷದಿಂದ 8,000. ನಾಲ್ಕು ವರ್ಷದ್ದು ಒಟ್ಟಿಗೆ ಆನ್‌ಲೈನ್‌ನಲ್ಲಿ ಕಟ್ಟಿದರೆ 2024ರಿಂದ ಶೇ. 10 ಕಡಿತ. ಆದರೆ ಪೇಟೆಂಟ್ ಪಡೆದ ಯಂತ್ರ ಮಾರಾಟವೇ ಆಗುತ್ತಿಲ್ಲವಾದರೆ ಸುಮ್ನೆ ಕಟ್ಟಬೇಡಿ.

ಮುಂಗಾರಿಗೆ ಮೊದಲೇ ತೊಗರಿ ಬೀಜದ ದುಡ್ಡು ಎತ್ತಿಡುತ್ತೀರಲ್ಲ, ಅದೇ ಡಬ್ಬಿಯಲ್ಲಿ ತಿಂಗಳಿಗೆ ನೂರು ರೂಪಾಯಿ ಹಾಕಿ. ಹತ್ತು ವರ್ಷಕ್ಕೆ 12,000 ಆಗುತ್ತದೆ. ನವೀಕರಣ ಕಳೆದು, ದರ ಏರಿದರೂ ಸ್ವಲ್ಪ ಉಳಿಯುತ್ತದೆ.

ಪ್ರಮಾಣಪತ್ರ ತಂದವರು ಈಗ ಹೊರಗೆ ತೆಗೆಯಿರಿ. ಅರ್ಜಿಯ ತಾರೀಖು ಎಲ್ಲಿದೆ ಅಂತ ಒಬ್ಬೊಬ್ಬರದೇ ನೋಡೋಣ. ಹಿಂದಿನ ಸಾಲಿನವರಿಂದ ಶುರು ಮಾಡೋಣ.